ಬಲಗಡೆಯ ಬಾಗಿಲು

ನಾನು ಚಿಕ್ಕವನಿದ್ದಾಗ ಒಮ್ಮೆ, ಒಂದೇ ದಿನ, ಒಂದೇ ವಸ್ತುವಿನ ಬಗ್ಗೆ ಒಂದು ಸುಳ್ಳನ್ನೂ ಒಂದು ಸತ್ಯವನ್ನೂ ಹೇಳಿದೆ. ಮಕ್ಕಳೇ, ಆ ಸುಳ್ಳನ್ನು ನಾನು ಎಂದೋ ಮರೆತುಬಿಡಬಹುದಿತ್ತು. ಆ ಸತ್ಯ ಮಾತ್ರ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅದೇಕೆ ಎಂದು ನಿಮಗೆ ತಿಳಿಯಬೇಕಾದರೆ ಒಂದು ವಿಮಾನದ ವಿಷಯ ಹೇಳಬೇಕು.

ಆಗ ನನಗೆ ಹತ್ತು ವರ್ಷ, ಅಕ್ಕನಿಗೆ ಹದಿನಾಲ್ಕು. ಎಪ್ಪತ್ತರ ದಶಕದ ನಡುವಿನ ಮಾತು. ಗುಳೇದಗುಡ್ಡದಲ್ಲಿ ನಮ್ಮದು ನೇಕಾರರ ಮನೆ. ಪಡಸಾಲೆಯ ನೆಲದಲ್ಲಿ ತೊಡೆಯುದ್ದದ ಕುಣಿ, ಅದರ ಮೇಲೆ ಮಗ್ಗ. ಅಪ್ಪ ಕುಣಿಯೊಳಗೆ ಕಾಲಿಳಿಸಿ ಕುಳಿತು ಬೆಳಗಿನಿಂದ ಸಂಜೆಯವರೆಗೆ ಕುಪ್ಪಸದ ಖಣ ನೇಯುತ್ತಿದ್ದ. ಅವ್ವ ನೂಲಿಗೆ ಗಂಜಿ ಹಚ್ಚುತ್ತಿದ್ದಳು. ಅಕ್ಕ ರಾಟೆಯ ಮುಂದೆ ಕುಳಿತು, ಅಡ್ಡ ಎಳೆ ಒಯ್ಯುವ ಲಾಳಿಗೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಮನೆಯ ತುಂಬ ಹುಳಿತ ಗಂಜಿಯ ಮತ್ತು ಒದ್ದೆ ನೂಲಿನ ವಾಸನೆ. ಮಗ್ಗದ ಸದ್ದು ಗೋಡೆಗಳೊಳಗೂ ಇಳಿದುಹೋಗಿತ್ತು. ಅದು ನಿಂತಾಗಲೇ ನಮಗೆ ಎಚ್ಚರವಾಗುತ್ತಿತ್ತು.

ಅಕ್ಕ ಏಳನೆಯ ತರಗತಿಯಲ್ಲಿ ಇಡೀ ಶಾಲೆಗೆ ಮೊದಲಿಗಳಾಗಿ ಪಾಸಾದಳು. ಆ ವರ್ಷವೇ ಆಕೆಯ ಶಾಲೆ ನಿಂತಿತು. ಮನೆಯ ಕೆಲಸಕ್ಕೆ ಎರಡು ಕೈ ಬೇಕು ಎಂದರು. ನನಗೂ ಎರಡು ಕೈಗಳಿದ್ದವು. ಅವನ್ನು ಯಾರೂ ಕೇಳಲಿಲ್ಲ. ಇದನ್ನು ನಮ್ಮ ಓಣಿಯಲ್ಲಿ ಪದ್ಧತಿ ಎನ್ನುತ್ತಿದ್ದರು. ಅದರ ಸರಿಯಾದ ಹೆಸರು ಅನ್ಯಾಯ. ಬಿಸಿ ರೊಟ್ಟಿ ನನ್ನ ತಾಟಿಗೆ, ತಂಗಳು ಅಕ್ಕನ ತಾಟಿಗೆ ಬೀಳುತ್ತಿದ್ದುದೂ ಅನ್ಯಾಯವೇ. ಅದನ್ನು ಉಣ್ಣುತ್ತಿದ್ದವನು ನಾನು. ರುಚಿಯಾಗಿರುತ್ತಿದ್ದುದರಿಂದ ನಾನು ಪ್ರಶ್ನೆ ಕೇಳಲಿಲ್ಲ.

ಅಕ್ಕನ ಬದುಕಿನೊಳಗೆ ವಿಮಾನ ಬಂದದ್ದು ಸೋದರಮಾವನಿಂದ. ಮಾವ ವಾಯುಪಡೆಯಲ್ಲಿ ವಿಮಾನಗಳ ದುರಸ್ತಿ ಮಾಡುತ್ತಿದ್ದ. ಒಮ್ಮೆ ರಜೆಗೆ ಬಂದಾಗ ಡಕೋಟಾ ಎಂಬ ಹಳೆಯ ಪ್ರಯಾಣಿಕರ ವಿಮಾನದ ನಕ್ಷೆಯೊಂದನ್ನು ಟ್ರಂಕಿನ ತಳದಲ್ಲಿಟ್ಟು ತಂದಿದ್ದ. ಅದನ್ನು ನೆಲದ ಮೇಲೆ ಹರಡಿ, ನಾಲ್ಕು ಮೂಲೆಗೂ ಕಂಡಿಕೆಗಳನ್ನು ಹೇರಿಟ್ಟು, ದೊಡ್ಡದನ್ನು ಅಳತೆ ತಪ್ಪದಂತೆ ಚಿಕ್ಕದು ಮಾಡುವ ಲೆಕ್ಕವನ್ನು ಅಕ್ಕನಿಗೆ ಹೇಳಿಕೊಟ್ಟ.

"ಖರೇ ವಿಮಾನದ ಎಪ್ಪತ್ತೆರಡ ಅಂಗುಲಕ್ಕ ನಮ್ಮದು ಒಂದ ಅಂಗುಲ. ಆರಡಿ ಮನಷ್ಯಾ ಇದರಾಗ ಒಂದ ಅಂಗುಲ ಆಗತಾನ."

"ಹಂಗಾರ ನಾ ಎಷ್ಟ ಆಗತೇನಿ ಮಾಮಾ?"

ಮಾವ ಆಕೆಯನ್ನು ಗೋಡೆಗೆ ನಿಲ್ಲಿಸಿ ಗೇಣಿನಿಂದ ಅಳೆದ. "ನೀ ಮುಕ್ಕಾಲ ಅಂಗುಲ."

"ಭಾಳ ಚಲೋ ಆತ ಬಿಡು. ಅಷ್ಟ ಸಣ್ಣಾಕಿ ಆದ್ರ ಸಾಲಿಗೆ ಹೋದ್ರೂ ಯಾರಿಗೂ ಕಾಣಸಂಗಿಲ್ಲ!"

ಎಲ್ಲರೂ ನಕ್ಕೆವು. ಕುಣಿಯೊಳಗಿದ್ದ ಅಪ್ಪನೂ ನಕ್ಕ. ಆ ನಗೆಯೊಳಗೆ ಒಂದು ಬೇಡಿಕೆ ಇತ್ತು. ಅದನ್ನು ನಮ್ಮಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ.

ಮಾವ ಮರಳಿ ಹೋದ ಮೇಲೆ ಅಕ್ಕ ಕೆಲಸ ಆರಂಭಿಸಿದಳು. ಆಕೆಗೆ ಸಿಗುತ್ತಿದ್ದುದು ತಿಂಗಳಿಗೆ ಒಂದೇ ದಿನ, ಅಮಾವಾಸ್ಯೆ. ಅಂದು ನಮ್ಮ ಮನೆಯಲ್ಲಿ ಮಗ್ಗ ನಡೆಯುತ್ತಿರಲಿಲ್ಲ. ಉಳಿದ ಮನೆಗಳ ಮಕ್ಕಳು ಆ ದಿನ ಹೊರಗೆ ಹೋಗಲು ಹೆದರುತ್ತಿದ್ದರು; ನಿಂಬೆಹಣ್ಣು ಬಿದ್ದ ಕೂಡುದಾರಿಯನ್ನು ದಾಟುತ್ತಿರಲಿಲ್ಲ. ಅಕ್ಕ ಮಾತ್ರ ಅಮಾವಾಸ್ಯೆಗಾಗಿ ಹಬ್ಬಕ್ಕೆ ಕಾಯುವಂತೆ ಕಾಯುತ್ತಿದ್ದಳು. ಅಜ್ಜಿಗೆ ಅದು ಸರಿಬರಲಿಲ್ಲ.

"ಅಮಾಸಿ ದಿನ ಕಟ್ಟಿದ್ದು ಹಾರಂಗಿಲ್ಲ ತಗೀ. ಮನ್ಯಾಗಿನವರ್ನ ಹಾರಿಸ್ಕೊಂಡ ಹೋಗತೈತಿ," ಎನ್ನುತ್ತಿದ್ದಳು.

ಏಳು ಅಮಾವಾಸ್ಯೆಗಳಲ್ಲಿ ಅಕ್ಕ ಆ ವಿಮಾನವನ್ನು ಕಟ್ಟಿದಳು. ಮೊದಲು ಎರೆಮಣ್ಣಿನಿಂದ ಅದರ ಒಡಲಿನ ಅಚ್ಚು ಮಾಡಿದಳು. ತನ್ನ ಹಳೆಯ ನೋಟುಪುಸ್ತಕಗಳ ಹಾಳೆಗಳನ್ನು ಹರಿದು, ಹುಣಸೆ ಬೀಜದ ಅಂಟು ಬಳಿದು, ಅಚ್ಚಿನ ಮೇಲೆ ಪದರ ಪದರವಾಗಿ ಅಂಟಿಸಿದಳು. ಒಣಗಿದ ಮೇಲೆ ಕುಪ್ಪಸ ಕತ್ತರಿಸುವಂತೆ ಎರಡು ಸೀಳು ಮಾಡಿ ಮಣ್ಣನ್ನು ತೆಗೆದಳು. ಉಳಿದದ್ದು ಕಾಗದದ ಪೊಳ್ಳು ಒಡಲು. ಜೋಳದ ದಂಟಿನ ಬೆಂಡನ್ನು ಕೆತ್ತಿ, ನುಣುಪಾಗಿ ಉಜ್ಜಿ ರೆಕ್ಕೆಗಳನ್ನು ಮಾಡಿದಳು. ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡು ಗೇಣಿಗಿಂತ ತುಸು ಕಡಿಮೆ. ಅಳತೆಗೆ ನನ್ನ ಮುರಿದ ಪಟ್ಟಿಯೊಂದೇ ಇತ್ತು. ಅದಕ್ಕೆ ಸಿಗದ ಸಣ್ಣ ಅಳತೆಗಳನ್ನು ಆಕೆ ನೂಲಿನ ಎಳೆಗಳಲ್ಲಿ ಎಣಿಸುತ್ತಿದ್ದಳು: ಕಿಟಕಿಯ ಚೌಕಟ್ಟು ನಾಲ್ಕು ಎಳೆ, ಬಾಲದ ಅಂಚು ಎರಡು ಎಳೆ.

ಡಕೋಟಾದ ಮೈ ಬರಿಯ ತಗಡಿನದು, ಬಣ್ಣವಿಲ್ಲದ್ದು ಎಂದು ಮಾವ ಹೇಳಿದ್ದ. ಅದಕ್ಕಾಗಿ ನಾನು ಪಾನಂಗಡಿಗಳ ಮುಂದೆ ಬಿದ್ದ ಸಿಗರೇಟಿನ ಪೊಟ್ಟಣಗಳನ್ನು ಆಯ್ದು ತರುತ್ತಿದ್ದೆ. ಒಳಗಿನ ಬೆಳ್ಳಿಯ ಹಾಳೆಯನ್ನು ಅಕ್ಕ ನೀರಿನಲ್ಲಿ ಬಿಡಿಸಿ, ಬೋರಲು ಹಾಕಿ, ಹಿಂಬದಿಯಿಂದ ಸೂಜಿಯ ಮೊನೆಯನ್ನು ಸಾಲಾಗಿ ಒತ್ತುತ್ತಿದ್ದಳು. ತಿರುಗಿಸಿದರೆ ಮುಂಬದಿಯಲ್ಲಿ ಸಾಸಿವೆಗಿಂತ ಚಿಕ್ಕ ಗುಬುಟುಗಳ ಸಾಲು: ತಗಡುಗಳನ್ನು ಹಿಡಿದಿಡುವ ಮೊಳೆಗಳು! ಸಾವಿರವೋ ಎರಡು ಸಾವಿರವೋ, ನಾನು ಎಣಿಸಲಾರದೆ ಬಿಟ್ಟೆ.

ಎರಡು ಸೀಳುಗಳನ್ನು ಕೂಡಿಸುವ ಮೊದಲು ಆಕೆ ಒಳಗೆ ಇಪ್ಪತ್ತೆಂಟು ಕುರ್ಚಿಗಳನ್ನು ಅಂಟಿಸಿದಳು. ಒಂದೊಂದಕ್ಕೂ ಖಣದ ಚೂರಿನ ಹೊದಿಕೆ. ಮುಚ್ಚಿದ ಮೇಲೆ ಅವು ಯಾರಿಗೂ ಸರಿಯಾಗಿ ಕಾಣುವಂತಿರಲಿಲ್ಲ.

"ಕಾಣಲಾರದ್ದಕ್ಕ ಇಷ್ಟ್ಯಾಕ ಕಷ್ಟ ಪಡತಿ?" ಎಂದು ನಾನು ಕೇಳಿದೆ.

"ಒಳಗ ಕುಂತಾವರಿಗೆ ಕಾಣತೈತಿ."

"ಯಾರ ಅದಾರ ಒಳಗ?"

"ಸದ್ಯ ಯಾರೂ ಇಲ್ಲ. ಮೊದಲ ನಾ ಹತ್ತತೇನಿ. ಆಮ್ಯಾಲ ನೀ ಗಂಟ ಬಿದ್ರ ನೋಡೋಣು."

ಅಷ್ಟರಲ್ಲಿ ನಮ್ಮ ಶಾಲೆಗೆ ಸುದ್ದಿ ಬಂತು. ಬಾಗಲಕೋಟೆಯಲ್ಲಿ ಮಕ್ಕಳ ವಿಜ್ಞಾನ ವಸ್ತುಪ್ರದರ್ಶನ ನಡೆಯುವುದಿತ್ತು. ಅಕ್ಕ ಅಪ್ಪನ ಮುಂದೆ ನಿಂತು ಜೀವನದಲ್ಲಿ ಮೊದಲ ಬಾರಿಗೆ ತನಗಾಗಿ ಒಂದು ಮಾತು ಕೇಳಿದಳು. "ಅಪ್ಪಾ, ಇದಕ್ಕ ಬಕ್ಷೀಸ ಬಂದ್ರ ನಾ ಜೂನದಾಗ ಎಂಟನೇ ಕ್ಲಾಸಿಗೆ ಹೋಗಲ್ಯಾ?" ಅಪ್ಪ ಎಸೆಯಲಿದ್ದ ಲಾಳಿಯನ್ನು ಕೈಯಲ್ಲೇ ಹಿಡಿದುಕೊಂಡ. ಇಳಕಲ್ಲಿನ ಒಂದು ಮನೆಯಿಂದ ಆಕೆಗೆ ಆಗಲೇ ಸಂಬಂಧ ಕೇಳಿದ್ದರು. ಅಜ್ಜಿ ದಿನಕ್ಕೆರಡು ಸಲ ಅದನ್ನು ನೆನಪಿಸುತ್ತಿದ್ದಳು. ಆದರೂ ಅಪ್ಪ, "ಬರ್ಲಿ ನೋಡೋಣು. ಬಂದ್ರ ನಾ ಮಾತಿಗೆ ತಪ್ಪಾಂವಲ್ಲ," ಎಂದ. ಅಪ್ಪ ತಪ್ಪುವವನಲ್ಲ ಎಂಬುದು ನಮಗೆ ಗೊತ್ತಿತ್ತು.

ಒಂದು ತೊಡಕಿತ್ತು. ಶಾಲೆಯ ಹಾಜರಿಯಲ್ಲಿ ಹೆಸರಿದ್ದ ಮಕ್ಕಳಿಗೆ ಮಾತ್ರ ಅಲ್ಲಿ ಅವಕಾಶ. ಶಾಲೆ ಬಿಡಿಸಿದ್ದು ಹಿರಿಯರು; ಶಾಲೆಯಲ್ಲಿಲ್ಲ ಎಂಬ ಶಿಕ್ಷೆ ಆಕೆಗೆ. ಹೆಡ್‌ಮಾಸ್ತರರು ಒಳ್ಳೆಯವರು. ಪಟ್ಟಿಯಲ್ಲಿ ನನ್ನ ಹೆಸರು ಬರೆದು, "ಮೇಜಿನ ಮುಂದ ನಿಂತು ನೀನ ಖರೆ ಹೇಳು. ನಾ ಹಿಂದ ಇರತೇನಿ, ಹಾಜರಿ ಮಾತ ಬಂದ್ರ ನಾ ಅವರನ್ನ ಒಪ್ಪಸತೇನಿ," ಎಂದರು.

ಪ್ರದರ್ಶನದ ಹಿಂದಿನ ದಿನ ಏಳನೆಯ ಅಮಾವಾಸ್ಯೆ. ಅಂದು ಮಧ್ಯಾಹ್ನ ಅಕ್ಕ ಚಕ್ರಗಳನ್ನು ಕೂಡಿಸಿ ಮುಗಿಸಿ, ತಿಂಗಳುಗಟ್ಟಲೆ ಬೋರಲಾಗಿಯೇ ಇದ್ದ ವಿಮಾನವನ್ನು ಮೊದಲ ಬಾರಿಗೆ ಎತ್ತಿ ಚಕ್ರಗಳ ಮೇಲೆ ನಿಲ್ಲಿಸಿದಳು. ನಾನು ಚಪ್ಪಾಳೆ ತಟ್ಟಿದೆ. ಆಕೆ ಮಾತ್ರ ನಕ್ಷೆಯನ್ನು ಹತ್ತಿರ ಎಳೆದುಕೊಂಡಳು. ನಕ್ಷೆಯನ್ನು ನೋಡಿದಳು, ವಿಮಾನವನ್ನು ನೋಡಿದಳು, ಮತ್ತೆ ನಕ್ಷೆಯನ್ನು ನೋಡಿದಳು.

"ಬಾಗಲ ತಪ್ಪಾತಲೇ ತಮ್ಮಾ."

ಪ್ರಯಾಣಿಕರು ಹತ್ತುವ ಬಾಗಿಲು ವಿಮಾನದ ಎಡಗಡೆ ಇರಬೇಕಿತ್ತು. ಅಕ್ಕನ ವಿಮಾನದಲ್ಲಿ ಅದು ಬಲಗಡೆ ಇತ್ತು.

ಈ ತಪ್ಪು ನೇಕಾರರ ಮನೆಯಲ್ಲಿ ಮಾತ್ರ ಆಗುವಂಥದ್ದು. ನಮ್ಮ ಮಗ್ಗದಲ್ಲಿ ಖಣವನ್ನು ಬೆನ್ನು ಮೇಲೆ ಮಾಡಿ ನೇಯುತ್ತಿದ್ದರು. ಹೂವಿನ ಚಂದದ ಮುಖ ಕೆಳಗೆ, ಕುಣಿಯ ಕತ್ತಲಿನ ಕಡೆಗೆ. ನೇಯುವವರ ಕಣ್ಣಿಗೆ ಬೀಳುವುದು ಎಳೆಗಳ ಹಿಂಬದಿ ಮಾತ್ರ. ಖಣದ ಹೂವುಗಳಿಗೆ ಎಡ ಬಲ ಎರಡೂ ಒಂದೇ. ಆದ್ದರಿಂದ ಬಟ್ಟೆಯನ್ನು ತಿರುಗಿಸಿದಾಗ ಎಂದೂ ತಪ್ಪು ಕಾಣುತ್ತಿರಲಿಲ್ಲ. ಅಕ್ಕ ಅದೇ ಅಭ್ಯಾಸದಿಂದ ವಿಮಾನವನ್ನು ಮಗುಚಿಟ್ಟುಕೊಂಡು, ನಕ್ಷೆಯಲ್ಲಿ ಎಡಕ್ಕಿದ್ದ ಬಾಗಿಲನ್ನು ತನ್ನ ಎಡಗೈಯ ಕಡೆಗೆ ಕತ್ತರಿಸಿದ್ದಳು. ನೆಟ್ಟಗೆ ನಿಲ್ಲಿಸಿದಾಗ ಅದು ಬಲಕ್ಕೆ ಬಂದಿತ್ತು. ಹೂವಿಗೆ ಎರಡು ಮಗ್ಗುಲೂ ಸಮ. ವಿಮಾನಕ್ಕೆ ಬಾಗಿಲು ಒಂದೇ ಕಡೆ.

ಬೆಳ್ಳಿಯ ಹಾಳೆ ಅಂಟಿಸಿ ಆಗಿತ್ತು. ತಿದ್ದಲು ಇನ್ನೊಂದು ಅಮಾವಾಸ್ಯೆ ಬೇಕಿತ್ತು. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ನಕ್ಕಳು. "ಮಗ್ಗದಾಗಿನ ಬುದ್ಧಿ, ಎಲ್ಲಿ ಹೋಗತೈತಿ?" ಅನಂತರ ನನ್ನ ಎರಡೂ ಭುಜ ಹಿಡಿದು, ನನ್ನ ಕಣ್ಣಿನಲ್ಲಿ ಕಣ್ಣಿಟ್ಟು ಹೇಳಿದಳು: "ಕೇಳಲೇ ತಮ್ಮಾ. ಅವರು ಕೇಳೂದರಕಿಂತ ಮೊದಲ ಹೇಳು, ಇದನ್ನ ನಮ್ಮ ಅಕ್ಕ ಮಾಡ್ಯಾಳ ಅಂತ. ಬಾಗಲದ ಮಾತ ಬಂದ್ರ ಮುಚ್ಚಬ್ಯಾಡ. ನಾವು ಖಣದ ಮಂದಿರಿ, ಬೆನ್ನ ಮ್ಯಾಲ ಮಾಡಿ ನೇಯೋ ಕೈ ಐತ್ರಿ, ಅದಕ ಹಿಂಗಾಗೇತಿ ಅಂತ ಹೇಳಿಬಿಡು. ತಿಳದಾವರು ಇದ್ರ ತಿಳಕೊಂತಾರ." ನಾನು ಆ ಮಾತನ್ನು ಮೂರು ಸಲ ಒಪ್ಪಿಸಿದೆ. ಒಂದಕ್ಷರ ತಪ್ಪಲಿಲ್ಲ.

ಮರುದಿನ ಹೊತ್ತು ಹುಟ್ಟುವ ವೇಳೆಗೆ ಅಪ್ಪ, ಹೆಡ್‌ಮಾಸ್ತರರು ಮತ್ತು ನಾನು ಹೊರಟೆವು. ಹತ್ತಿಯ ಹಾಸಿಗೆ ಮಾಡಿದ ಬಿದಿರಿನ ಬುಟ್ಟಿಯಲ್ಲಿ ವಿಮಾನ, ಮೇಲೆ ಅವ್ವನ ಸೆರಗಿನ ತುಂಡು. ಅಪ್ಪನ ಹೆಗಲಿಗೆ ಪೇಟೆಗೆ ಕೊಡಬೇಕಾದ ಖಣಗಳ ಗಂಟು. ಅಕ್ಕ ಬಸ್‌ನಿಲ್ದಾಣದವರೆಗೂ ಬರಲಿಲ್ಲ. ಹದಿನಾಲ್ಕು ವರ್ಷದ ಹುಡುಗಿ ಹಾಗೆ ಬೀದಿಯಲ್ಲಿ ನಿಲ್ಲಬಾರದು ಎಂದಿದ್ದರು. ಇದೂ ಒಂದು ತಪ್ಪು. ಹೊಸ್ತಿಲ ಒಳಗೇ ನಿಂತು ಕೈ ಬೀಸಿದಳು.

ಬಸ್ಸಿನಲ್ಲಿ ಕಂಡಕ್ಟರ್ ಬುಟ್ಟಿಯನ್ನು ಬೆರಳಿನಿಂದ ತಿವಿದ. "ಏನಲೇ ಇದು, ಕೋಳಿ ಏನು?"

"ಅಲ್ರಿ, ವಿಮಾನ ಐತ್ರಿ."

"ಹಂಗಾರ ಬಸ್ಸ್ಯಾಕ ಹತ್ತಿದೆಪಾ? ಮ್ಯಾಲಿಂದ ಮ್ಯಾಲ ಹೋಗಬೇಕಿಲ್ಲೋ!" ಇಡೀ ಬಸ್ಸು ನಕ್ಕಿತು. ಅಪ್ಪನ ಮುಖದಲ್ಲಿ ಹೆಮ್ಮೆ ಇತ್ತು. ಮುಂದಿನ ಸೀಟಿನವನಿಗೆ ಸೆರಗು ಸರಿಸಿ ತೋರಿಸಿ, "ನಮ್ಮ ಮಗಳ ಮಾಡ್ಯಾಳ್ರಿ," ಎಂದ. ಅಷ್ಟು ಸುಲಭವಾಗಿತ್ತು ಆ ಮಾತು. ಅಪ್ಪ ಅದನ್ನು ಒಬ್ಬ ಅಪರಿಚಿತನಿಗೆ, ಉಸಿರಾಡಿದಷ್ಟು ಸಹಜವಾಗಿ ಹೇಳಿದ.

ಪ್ರದರ್ಶನ ನಡೆದದ್ದು ಹಳೆಯ ಬಾಗಲಕೋಟೆಯಲ್ಲಿ, ಹೊಳೆಯ ಕಡೆಗಿನ ಒಂದು ಶಾಲೆಯ ದೊಡ್ಡ ಕೋಣೆಯಲ್ಲಿ. ಆ ಭಾಗವೆಲ್ಲ ಈಗ ಹಿನ್ನೀರಿನ ಕೆಳಗಿದೆ. ಅಲ್ಲಿ ಬದುಕುತ್ತಿದ್ದವರನ್ನು ಸರಿಯಾಗಿ ಕೇಳದೆ ಎಬ್ಬಿಸಿದ್ದೂ ಒಂದು ಅನ್ಯಾಯವೇ; ಅದನ್ನು ಇನ್ನೊಮ್ಮೆ ಹೇಳಬೇಕು. ಅಂದು ಮಾತ್ರ ಆ ಕೋಣೆ ಸುಣ್ಣದ ವಾಸನೆಯಿಂದ, ಹೊಸ ಅಂಗಿಗಳ ಸರಬರ ಸದ್ದಿನಿಂದ ತುಂಬಿತ್ತು. ಗೋಡೆಯುದ್ದಕ್ಕೂ ಮೇಜುಗಳು. ಮಣ್ಣಿನ ಅಣೆಕಟ್ಟು, ಬ್ಯಾಟರಿಯ ದೀಪ, ಹೊಗೆಯುಗುಳುವ ಜ್ವಾಲಾಮುಖಿ. ನನ್ನ ಮೇಜಿನ ಮೇಲೆ ಬುಟ್ಟಿಯಿಂದ ತೆಗೆದಿಟ್ಟ ವಿಮಾನ ಕಿಟಕಿಯ ಬಿಸಿಲಿಗೆ ಮಿಂಚಿತು. ಹುಡುಗರು ತಮ್ಮ ಮೇಜುಗಳನ್ನು ಬಿಟ್ಟು ಓಡಿಬಂದರು. ಅಪ್ಪ ಗಂಟನ್ನು ಪೇಟೆಗೆ ಮುಟ್ಟಿಸಿ ಬರುತ್ತೇನೆಂದು ಹೋದ.

ತೀರ್ಪುಗಾರರು ಮೂವರು. ಮೊದಲು ಬಂದವರು ದಪ್ಪ ಕನ್ನಡಕದ ಹಿರಿಯರು. ಕನ್ನಡಕವನ್ನು ಹಣೆಗೇರಿಸಿ, ಬಗ್ಗಿ, ಮೊಳೆಗಳ ಸಾಲನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. "ಅಬ್ಬಾ!" ಎಂದರು. ಕಿಟಕಿಯೊಳಗೆ ಇಣುಕಿ, "ಒಳಗ ಕುರ್ಚಿನೂ ಅದಾವಲ್ಲೋ!" ಎಂದರು. ಅವರ ಬೆಚ್ಚನೆಯ, ನಶ್ಯದ ವಾಸನೆಯ ಕೈ ನನ್ನ ತಲೆಯ ಮೇಲೆ ಬಂತು.

"ಯಾರು ಮಾಡಿದ್ದು ಇದನ್ನ?"

ಅವರು ಕೇಳುವ ಮೊದಲೇ ಹೇಳಬೇಕೆಂದು ಅಕ್ಕ ಹೇಳಿದ್ದಳು. ನಾನು ಹೇಳಿರಲಿಲ್ಲ. ಸುತ್ತಲೂ ಹತ್ತು ಹದಿನೈದು ಹುಡುಗರು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ತಲೆಯ ಮೇಲೆ ಆ ಕೈ ಇನ್ನೂ ಇತ್ತು. ಅದು ಅಲ್ಲಿಯೇ ಇರಲಿ ಎನಿಸಿತು.

"ನಾನ್ರಿ."

ಹಿಂದೆ ನಿಂತಿದ್ದ ಹೆಡ್‌ಮಾಸ್ತರರು ಕೆಮ್ಮಿದರು. ಅಷ್ಟೇ. ಅವರು ಮುಂದೆ ಬಂದು ಮಾತಾಡಬಹುದಿತ್ತು. ಕೈಗಡಿಯಾರ ನೋಡಿಕೊಂಡರು. ಒಳ್ಳೆಯವರು ಸುಮ್ಮನಿರುವುದನ್ನು ನಾನು ಆಮೇಲೆ ಬದುಕಿನಲ್ಲಿ ಬಹಳ ಸಲ ನೋಡಿದ್ದೇನೆ. ಅದೂ ತಪ್ಪೇ.

ಅಷ್ಟರಲ್ಲಿ ಇನ್ನೊಬ್ಬ ತೀರ್ಪುಗಾರರು ಬಂದರು. ಇಸ್ತ್ರಿ ಮಾಡಿದ ಸೂಟು ತೊಟ್ಟ ಅವರು ಒಮ್ಮೆ ಮುಂಬಯಿಗೆ ವಿಮಾನದಲ್ಲಿ ಹೋಗಿಬಂದವರಂತೆ. ವಿಮಾನವನ್ನು ಒಂದು ಸುತ್ತು ನೋಡಿ ದೊಡ್ಡ ದನಿಯಲ್ಲಿ ಅಂದರು: "ನಾ ಖುದ್ದ ಇದರಾಗ ಕುಂತು ಹೋಗೇನಿ. ಬಾಗಲ ಎಡಕ್ಕ ಇರತೈತಿ. ಏ ಹುಡುಗಾ, ಇದೇನು ಬೀಗರ ಮನಿಗೆ ಹಿತ್ತಲ ಬಾಗಲದಿಂದ ಹೋಗೋ ವಿಮಾನ ಏನು?"

ಕೋಣೆ ನಗೆಯಿಂದ ಬಿರಿಯಿತು. ಬಾಯಿ ತೆರೆದು ನೋಡುತ್ತಿದ್ದ ಅದೇ ಹುಡುಗರು ಈಗ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿರಿಯರ ಕೈ ನನ್ನ ತಲೆಯಿಂದ ಸರಿಯಿತು. ಅಲ್ಲಿ ತಣ್ಣಗಾಯಿತು. ಆಗ, ಆ ಕ್ಷಣದಲ್ಲಿ, ನಾನು ಸತ್ಯವನ್ನು ಹೇಳಿದೆ.

"ನಾ ಅಲ್ರಿ. ನಮ್ಮ ಅಕ್ಕ ಮಾಡಿದ್ದರಿ ಅದು."

ಹೊಗಳಿಕೆ ಬಂದಾಗ ನನ್ನದಾಗಿದ್ದ ವಿಮಾನ, ತಪ್ಪು ಕಂಡ ಕೂಡಲೇ ಅಕ್ಕನದಾಯಿತು. ಖಣದ ಮಾತು, ಬೆನ್ನು ಮೇಲೆ ಮಾಡಿ ನೇಯುವ ಕೈಯ ಮಾತು, ಮೂರು ಸಲ ಒಪ್ಪಿಸಿದ್ದ ಆ ಇಡೀ ಉತ್ತರ ನನ್ನ ನಾಲಿಗೆಯ ಹಿಂದೆಯೇ ಕುಳಿತಿತ್ತು. ಅದನ್ನು ನಾನು ಹೊರಗೆ ಬಿಡಲಿಲ್ಲ.

ಸೂಟಿನವರು ಹುಬ್ಬೇರಿಸಿದರು. "ಹೌದಾ? ಹೆಣ್ಣಹುಡುಗಿ ಕಟ್ಟಿದ್ದಾ? ಅದಕ ಎಡಾ ಬಲಾ ತಿಳದಿಲ್ಲ!" ಮತ್ತೆ ನಗೆ. ಹೆಣ್ಣಿನ ಬುದ್ಧಿಯನ್ನು ಹಂಗಿಸಿದ ಆ ಮಾತು ಹಸಿ ಅವಮಾನ. ಅದಕ್ಕೆ ನಕ್ಕವರೆಲ್ಲ ಅದರಲ್ಲಿ ಪಾಲುದಾರರು. ಮೂರನೆಯವರು ಪಟ್ಟಿ ನೋಡಿ, ಶಾಲೆಯ ಮಕ್ಕಳದಲ್ಲದ ವಸ್ತು ಇಲ್ಲಿ ನಡೆಯುವುದಿಲ್ಲ ಎಂದು ನನ್ನ ಹೆಸರಿನ ಮೇಲೆ ಗೆರೆ ಎಳೆದರು. ಮೂವರೂ ಜ್ವಾಲಾಮುಖಿಯ ಕಡೆಗೆ ನಡೆದರು.

ತಲೆಯೆತ್ತಿದೆ. ಬಾಗಿಲಲ್ಲಿ ಅಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ ನನಗೆ ಗೊತ್ತಿಲ್ಲ. ಅವನ ಹೆಗಲು ಬರಿದಾಗಿತ್ತು, ಆದರೂ ಬಾಗಿತ್ತು. "ನೀವು ನಡೀರಿ. ಪ್ಯಾಟ್ಯಾಗ ಇನ್ನೊಂದೀಟ ಕೆಲಸ ಐತಿ," ಎಂದು ಹೆಡ್‌ಮಾಸ್ತರರಿಗೆ ಹೇಳಿ ಹೊರಟುಹೋದ.

ನಾನು ಬುಟ್ಟಿ ಎತ್ತಿಕೊಂಡು ಹೊರಗೆ ಬಂದೆ. ಜಗಲಿಯಲ್ಲಿ ಒಬ್ಬ ಮುದುಕಿ ಕಸಬರಿಗೆ ಹಿಡಿದು ಕುಳಿತಿದ್ದಳು. ಕೋಣೆಯನ್ನು ಬೆಳಿಗ್ಗೆ ಗುಡಿಸಿದವಳು ಅವಳೇ. ಅತಿಥಿಗಳು ಒಳಗಿರುವವರೆಗೆ ಆಕೆ ಹೊಸ್ತಿಲು ದಾಟುವಂತಿರಲಿಲ್ಲ. ಅದು ಅಸ್ಪೃಶ್ಯತೆ, ಬೇರೆ ಹೆಸರು ಹುಡುಕುವುದು ಬೇಡ. ಕಿಟಕಿಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸೆರಗು ಸರಿಸಿ ತೋರಿಸು ಎಂದು ಸನ್ನೆ ಮಾಡಿ, ಬಹಳ ಹೊತ್ತು ನೋಡಿದಳು.

"ನಿಮ್ಮಕ್ಕ ಭಾಳ ಶಾಣ್ಯಾಕಿ ಅದಾಳ ತಮ್ಮಾ," ಎಂದಳು. "ಬಾಗಲ ಯಾ ಕಡೀಗಿದ್ರೇನೋ, ಒಳಗ ಬಿಟ್ರ ಸಾಕಲ್ಲ."

ಇಡೀ ಪ್ರದರ್ಶನದಲ್ಲಿ ಅಕ್ಕನ ಕೆಲಸವನ್ನು ಅಕ್ಕನದೆಂದು ತಿಳಿದು ಹೊಗಳಿದವಳು ಆಕೆಯೊಬ್ಬಳೇ. ನಾನು ಬುಟ್ಟಿಯ ಮೇಲೆ ಸೆರಗು ಎಳೆದು ನಡೆದೆ.

ನಾನು ಮನೆ ಮುಟ್ಟಿದಾಗ ಇಳಿಹೊತ್ತು. ಅಪ್ಪ ಮುಂದಿನ ಬಸ್ಸಿಗೆ ಬರುವವನಿದ್ದ. ಅಕ್ಕ ಹೊಸ್ತಿಲಲ್ಲೇ ಇದ್ದಳು, ಬೆಳಿಗ್ಗೆ ಬಿಟ್ಟುಹೋದಲ್ಲೇ.

"ಹೇಳಿದ್ಯಾ?"

"ಹೇಳಿದೆ."

ನೋಡಿರಿ ಮಕ್ಕಳೇ, ಅದು ಸುಳ್ಳಲ್ಲ. ಆದರೂ ನನ್ನ ಬಾಯಿಂದ ಅದಕ್ಕಿಂತ ದೊಡ್ಡ ಮೋಸ ಹೊರಟಿಲ್ಲ. ಆಕೆ ಬೇರೇನೂ ಕೇಳಲಿಲ್ಲ. ಬಹುಮಾನದ ಸುದ್ದಿಯನ್ನು ಅಪ್ಪನ ಬಾಯಿಂದಲೇ ಕೇಳುವ ಆಸೆ ಇತ್ತೋ ಏನೋ. ಬುಟ್ಟಿಯನ್ನು ಇಳಿಸಿಕೊಂಡು ಒಳಗೆ ಹೋದಳು. ಮುಂದಿನ ಒಂದು ತಾಸು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆಕೆ ಮುಖ ತೊಳೆದಳು. ಜಡೆ ಬಿಚ್ಚಿ ಮತ್ತೆ ಬಿಗಿಯಾಗಿ ಹೆಣೆದುಕೊಂಡಳು. ಗೂಟಕ್ಕೆ ತೂಗುಹಾಕಿದ್ದ ತನ್ನ ಹಳೆಯ ಪಾಟಿಚೀಲವನ್ನು ತೆಗೆದು ಹಿತ್ತಲಿಗೆ ಒಯ್ದು ಧೂಳು ಝಾಡಿಸಿದಳು. ಹರಿದ ಹಿಡಿಕೆಗೆ ಸೂಜಿ ಹಾಕಿದಳು. ಸಣ್ಣ ದನಿಯಲ್ಲಿ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದಳು. ಹದಿನೇಳರದು ಮಾತ್ರ ನಡುವೆ ತಪ್ಪುತ್ತಿತ್ತು, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ನಾನು ಕಂಬಕ್ಕೆ ಒರಗಿ ಎಲ್ಲವನ್ನೂ ನೋಡುತ್ತ ಕುಳಿತಿದ್ದೆ. ತಡೆಯಲು ಒಂದು ತಾಸು ಸಮಯವಿತ್ತು.

ಅಪ್ಪ ಬಂದ. ಚಪ್ಪಲಿ ಬಿಟ್ಟು, ಮಗ್ಗದ ಅಂಚಿನ ಮೇಲೆ ಕುಳಿತು, ನೆಲ ನೋಡುತ್ತ ಹೇಳಿದ.

"ಬಕ್ಷೀಸ ಬರ್ಲಿಲ್ಲವಾ. ಬಾಗಲ ತಪ್ಪಂದ್ರು. ಮೊದಲ ಇಂವಾ ನಾ ಮಾಡೇನಿ ಅಂದ. ಅವರು ತಪ್ಪ ತಗದ ಮ್ಯಾಲ ನಿನ್ನ ಹೆಸರ ಹೇಳಿದ. ಅಷ್ಟ ಮಂದಿ ನಿನ್ನ ಹೆಸರಿಗೆ ನಕ್ರು ನೋಡು. ನನಗ ತಡಕೊಳ್ಳಾಕ ಆಗಲಿಲ್ಲ."

ಅಕ್ಕ ನನ್ನ ಕಡೆ ತಿರುಗಿದಳು. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಮೆಲ್ಲಗೆ ಕೇಳಿದಳು.

"ಯಾವಾಗ ಹೇಳಿದಿ ತಮ್ಮಾ?"

ಉತ್ತರ ಆಕೆಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಆಕೆ ಎದ್ದಳು. ಆಮೇಲೆ ಹೊಲಿದ ಪಾಟಿಚೀಲವನ್ನು ತಂದು ನನ್ನ ಮಡಿಲಲ್ಲಿಟ್ಟಳು. "ನಿಂದು ಹರದೈತಲ್ಲ. ಇದನ್ನ ತಗೋ," ಎಂದು ರಾಟೆಯ ಮುಂದೆ ಹೋಗಿ ಕುಳಿತಳು.

ವೈಶಾಖದಲ್ಲಿ ಆಕೆಯನ್ನು ಇಳಕಲ್ಲಿಗೆ ಕೊಟ್ಟರು. ಹದಿನಾಲ್ಕು ವರ್ಷದ ಹುಡುಗಿಯ ಮದುವೆ ಕಾನೂನಿನ ಕಣ್ಣಿಗೆ ಅಂದೂ ಅಪರಾಧವೇ ಆಗಿತ್ತು. ಊರೆಲ್ಲ ಉಂಡು ಹೋಯಿತು, ಯಾರೂ ತಡೆಯಲಿಲ್ಲ. ಅಲ್ಲಿಯೂ ಆಕೆಗೆ ಮಗ್ಗವೇ. ಇಪ್ಪತ್ತೊಂದು ತುಂಬುವುದರೊಳಗೆ ಮೂರು ಮಕ್ಕಳು. ನಾನು ವರ್ಷಕ್ಕೊಮ್ಮೆ ಹೋಗುತ್ತಿದ್ದೆ. "ಯಾ ಕ್ಲಾಸಿನಾಗ ಅದಿ? ಲೆಕ್ಕ ತಿಳೀತಾವೇನು?" ಎಂದು ಕೇಳುತ್ತಿದ್ದಳೇ ಹೊರತು ಆ ದಿನದ ಮಾತನ್ನು ಎಂದೂ ಎತ್ತಲಿಲ್ಲ. ಪ್ರತಿ ಸಲವೂ ಬಸ್ಸಿನಲ್ಲಿ ಕ್ಷಮೆಯ ಮಾತನ್ನು ಜೋಡಿಸಿಕೊಂಡು ಹೋಗುತ್ತಿದ್ದೆ. ಜೋಡಿಸಿದಂತೆಯೇ ಮರಳಿ ತರುತ್ತಿದ್ದೆ. ಇಪ್ಪತ್ತಾರಕ್ಕೆ ಆಕೆ ಎದೆಯ ಬೇನೆಯಿಂದ ತೀರಿಕೊಂಡಳು. ನನ್ನ ಉತ್ತರ ನನ್ನಲ್ಲೇ ಉಳಿಯಿತು.

ವಿಮಾನವನ್ನು ಅಪ್ಪನೇ ಒಂದು ರೇಷ್ಮೆ ಎಳೆಯಿಂದ ಮಗ್ಗದ ಮೇಲಿನ ತೊಲೆಗೆ ಕಟ್ಟಿದ್ದ. ಯಾಕೆ ಕಟ್ಟಿದ ಎಂದು ಹೇಳಲಿಲ್ಲ. ಮಗ್ಗದ ಪ್ರತಿ ಏಟಿಗೂ ಅದು ನಡುಗುತ್ತಿತ್ತು, ಗಾಳಿಯಿಲ್ಲದಿದ್ದರೂ ಮೆಲ್ಲಗೆ ತಿರುಗುತ್ತಿತ್ತು. ನಾನು ಓದಲು ಕುಳಿತಾಗ ಬಲಗಡೆಯ ಬಾಗಿಲು ನನ್ನ ಕಡೆಗೆ ಬಂದು ನಿಲ್ಲುತ್ತಿತ್ತು. ಅಮಾವಾಸ್ಯೆಯ ದಿನ, ಮಗ್ಗ ಸುಮ್ಮನಿದ್ದಾಗ, ಒಳಗಿನ ಕುರ್ಚಿಗಳಲ್ಲಿ ಯಾರೋ ಜರುಗಿ ಕುಳಿತಂತೆ ಸಣ್ಣ ಸದ್ದು ಕೇಳುತ್ತಿತ್ತು. ಆಕೆಯ ಆಸೆ ಅದರೊಳಗೆ ಸೇರಿಕೊಂಡಿದೆ ಎಂದು ಅಜ್ಜಿ ದೀಪ ಹಚ್ಚಿಡತೊಡಗಿದಳು. ನಾನು ದೆವ್ವಗಳನ್ನು ನಂಬುವವನಲ್ಲ, ನೀವೂ ನಂಬಬೇಡಿ. ರೇಷ್ಮೆಯ ಹುರಿ ಬಿಚ್ಚಿಕೊಳ್ಳುವಾಗ ತೂಗಿದ ವಸ್ತು ತಿರುಗುತ್ತದೆ. ಗಂಜಿ, ಅಂಟು ಇದ್ದಲ್ಲಿ ಹುಳು ಬರುತ್ತದೆ, ಕೊರೆಯುವಾಗ ಸದ್ದಾಗುತ್ತದೆ. ಇಷ್ಟು ತಿಳಿದ ಮೇಲೂ ನಾನು ನನ್ನ ಓದುವ ಜಾಗವನ್ನು ನಾಲ್ಕು ಸಲ ಬದಲಿಸಿದೆ.

ಅಕ್ಕ ತೀರಿಕೊಂಡ ಮರುವರ್ಷ ಧೂಳು ಒರೆಸಲೆಂದು ಅದನ್ನು ಕೈಗೆತ್ತಿಕೊಂಡೆ. ಹುಳುಗಳು ಕಾಗದವನ್ನೆಲ್ಲ ತಿಂದು ಮುಗಿಸಿದ್ದವು. ಉಳಿದದ್ದು ಬೆಳ್ಳಿಯ ಹಾಳೆ ಮಾತ್ರ. ಆಕೆ ಒತ್ತಿದ ಮೊಳೆಗಳ ಬಲದಿಂದಲೇ ಆಕಾರ ಹಿಡಿದು ನಿಂತಿತ್ತು. ಬೆರಳು ತಾಗಿದ ಕೂಡಲೇ ನಿಟ್ಟುಸಿರಿನಂತೆ ಕುಸಿಯಿತು.

ಈಗ ನಿಮ್ಮ ಕಾಲ. ಮೊನ್ನೆ ನಿಮ್ಮ ಅಪ್ಪ ತಂದುಕೊಟ್ಟ ವಿಮಾನದ ಪೆಟ್ಟಿಗೆಯನ್ನು ನೋಡಿದೆ. ತುಂಡುಗಳಿಗೆ ಅಂಕಿ, ಅಂಟಿಗೆ ಕೊಳವೆ, ಯಾವುದು ಯಾವ ಕಡೆಗೆ ಎಂದು ತೋರಿಸುವ ಬಣ್ಣದ ಚಿತ್ರ. ಅವಳಿ ಅಣ್ಣ ತಂಗಿ ನೀವಿಬ್ಬರೂ ಒಂದೇ ಮೇಜಿಗೆ ಕುಳಿತು ಕಟ್ಟಿದಿರಿ. ಪ್ರದರ್ಶನದ ಚೀಟಿಯ ಮೇಲೆ ಇಬ್ಬರ ಹೆಸರನ್ನೂ ಬರೆದಿರಿ, ತಂಗಿಯದು ಮೊದಲು. ಅದನ್ನು ನೋಡಿ ನಾನು ಒಳಗೆ ಹೋಗಿ ಸ್ವಲ್ಪ ಹೊತ್ತು ಕುಳಿತೆ. ಹುಡುಗಿಯರು ಸೈಕಲ್ ಮೇಲೆ ಸಾಲುಸಾಲಾಗಿ ಹೈಸ್ಕೂಲಿಗೆ ಹೋಗುವುದನ್ನು ದಿನವೂ ಕಟ್ಟೆಯ ಮೇಲೆ ಕುಳಿತು ನೋಡುತ್ತೇನೆ. ಜಗತ್ತು ತಾನಾಗಿ ಹೀಗಾಗಲಿಲ್ಲ. ಯಾರು ಯಾರೋ ಬಾಯಿ ಬಿಟ್ಟು ಕೇಳಿದ್ದರಿಂದ ಆಯಿತು. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿರೆಂದು ನಾನೂ ಆಮೇಲೆ ಊರೂರು ತಿರುಗಿ ಕೇಳಿದೆ. ಅದರಿಂದ ನನ್ನ ಅಕ್ಕನಿಗೆ ಏನೂ ಸಿಗಲಿಲ್ಲ.

ಆದರೆ ನಿನ್ನೆ ಊಟದ ವೇಳೆ ನೀವು ಆಡಿದ ಒಂದು ಮಾತು ಈ ಕಥೆಯನ್ನೆಲ್ಲ ನನ್ನಿಂದ ಹೇಳಿಸಿತು. ನಿಮ್ಮ ತರಗತಿಯ ಒಬ್ಬ ಹುಡುಗಿ ದೀಪಾವಳಿಯ ರಜೆ ಮುಗಿದ ಮೇಲೆ ಶಾಲೆಗೆ ಬಂದಿಲ್ಲ ಎಂದಿರಿ. ಯಾಕೆ ಎಂದು ಕೇಳಿದೆ; ಗೊತ್ತಿಲ್ಲ ಎಂದಿರಿ. ಹೆಸರೇನು ಎಂದು ಕೇಳಿದೆ. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವಳು, ಬಹಳ ಮಾತಾಡುತ್ತಿರಲಿಲ್ಲ, ಹೆಸರು ಬಾಯಿಗೆ ಬರುತ್ತಿಲ್ಲ ಎಂದಿರಿ.

ನಾಳೆ ಬೆಳಿಗ್ಗೆ ಹಾಜರಿ ಕೂಗುವಾಗ ಗಮನವಿಟ್ಟು ಕೇಳಿರಿ. ಒಂದು ಹೆಸರಿಗೆ ಯಾರೂ ಉತ್ತರ ಕೊಡುವುದಿಲ್ಲ. ಗುರುಗಳು ಒಂದು ಗಳಿಗೆ ತಡೆದು ಮುಂದಿನ ಹೆಸರಿಗೆ ಹೋಗುತ್ತಾರೆ. ನೀವು ಹೋಗಬೇಡಿ. ಆ ಹೆಸರನ್ನು ಬರೆದುಕೊಂಡು ಮನೆಗೆ ತನ್ನಿರಿ. ಸಂಜೆ ನಾನು ಚಪ್ಪಲಿ ಮೆಟ್ಟಿಕೊಂಡು ಕಟ್ಟೆಯ ಮೇಲೆ ಕಾಯುತ್ತಿರುತ್ತೇನೆ. ಆಕೆಯ ಮನೆ ಎಲ್ಲಿ ಎಂದು ಕೇಳುತ್ತ, ಮೂವರೂ ಕೂಡಿಯೇ ಹೋಗೋಣ.